ವಾರ್ಡಿನಲ್ಲೇ ಪಾಠ, ವಾರ್ಡಿನಲ್ಲೇ ದುಡಿಮೆ: ನರ್ಸಿಂಗ್ ವಿದ್ಯಾರ್ಥಿಗಳ ಒಂದೂವರೆ ಶತಮಾನ

ನರ್ಸಿಂಗ್ ಕಲಿಯುವವರ ಹೆಸರು ಮೊದಲಿನಿಂದಲೂ ಎರಡು ಕಡೆ ಬರೆದಿರುತ್ತದೆ: ಶಾಲೆಯ ಹಾಜರಿ ಪುಸ್ತಕದಲ್ಲಿ ಒಮ್ಮೆ, ವಾರ್ಡಿನ ಡ್ಯೂಟಿ ಪಟ್ಟಿಯಲ್ಲಿ ಇನ್ನೊಮ್ಮೆ. ಬೆಳಿಗ್ಗೆ ರೋಗಿಯ ಮೈ ಒರೆಸಿ, ಹಾಸಿಗೆ ಬದಲಿಸಿ, ಇಂಜೆಕ್ಷನ್ ಕೊಟ್ಟ ಕೈಯೇ ಮಧ್ಯಾಹ್ನ ಅನಾಟಮಿ ನೋಟ್ಸ್ ಬರೆಯಬೇಕು. ಎಂಬಿಬಿಎಸ್ ಓದುವವರಿಗೂ ಆಸ್ಪತ್ರೆ ಇದ್ದೇ ಇದೆ. ಆದರೆ ಮೂರನೆಯ ವರ್ಷದ ವೈದ್ಯ ವಿದ್ಯಾರ್ಥಿ ಒಂದು ದಿನ ಬಾರದಿದ್ದರೆ ವಾರ್ಡಿನ ಕೆಲಸವೇನೂ ನಿಲ್ಲುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳು ಬಾರದಿದ್ದರೆ ಎಷ್ಟೋ ಆಸ್ಪತ್ರೆಗಳಲ್ಲಿ ಕೆಲಸ ಕುಂಟುತ್ತದೆ. ನಿದ್ದೆಗೆಟ್ಟ ರಾತ್ರಿಗಳು, ಓದಲು ಸಿಗದ ಹೊತ್ತು, ಹಾಸ್ಟೆಲಿನ ಕಟ್ಟುಪಾಡು, ಬಾಂಡು, ಇವೆಲ್ಲ ಆ ಎರಡು ಪಟ್ಟಿಗಳ ನಡುವೆ ಹುಟ್ಟಿದ ಕಷ್ಟಗಳು. ಅವುಗಳ ಇತಿಹಾಸ 1860ರಿಂದ ಶುರುವಾಗುತ್ತದೆ.

ಆ ವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ತೆರೆಯಿತು. ಕ್ರೈಮಿಯಾ ಯುದ್ಧದಲ್ಲಿ ಆಕೆ ಮಾಡಿದ ಸೇವೆಗೆ ಕೃತಜ್ಞತೆಯಾಗಿ ಜನರಿಂದ ಸುಮಾರು 45,000 ಪೌಂಡ್ ನಿಧಿ ಕೂಡಿಬಂದಿತ್ತು. ಶಾಲೆ ನಡೆದದ್ದು ಅದರ ಬಡ್ಡಿಯಿಂದ. ಮೊದಲ ತಂಡದಲ್ಲಿ 15 ಮಂದಿ. ಊಟ, ವಸತಿ, ಸಮವಸ್ತ್ರದ ಜೊತೆಗೆ ವರ್ಷಕ್ಕೆ 10 ಪೌಂಡ್ ಕೈಖರ್ಚು ಸಿಗುತ್ತಿತ್ತು. ತರಬೇತಿ ಒಂದು ವರ್ಷದ್ದಾದರೂ ಅದು ಮುಗಿದ ಮೇಲೆ ಇನ್ನೂ ಕೆಲವು ವರ್ಷ ನಿಧಿಯವರು ಹೇಳಿದ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಕರಾರಿತ್ತು. ಅಂದರೆ ಬಾಂಡಿನ ಪದ್ಧತಿಗೂ ನರ್ಸಿಂಗ್ ಶಾಲೆಗೂ ಒಂದೇ ವಯಸ್ಸು.

ಆ ಶಾಲೆಯ ಕುತೂಹಲದ ದಾಖಲೆಯೆಂದರೆ ಪ್ರತಿ ವಿದ್ಯಾರ್ಥಿನಿಯ ಹೆಸರಿನಲ್ಲಿ ತಿಂಗಳಿಗೊಮ್ಮೆ ತುಂಬುತ್ತಿದ್ದ ಹಾಳೆ. ಅದರಲ್ಲಿ ಎರಡು ಭಾಗ. ಗಾಯಕ್ಕೆ ಪಟ್ಟಿ ಕಟ್ಟುವುದು, ಎನಿಮಾ ಕೊಡುವುದು, ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು ಮುಂತಾದ ಕೌಶಲಗಳಿಗೆ ಒಂದು. ಹೊತ್ತಿಗೆ ಸರಿಯಾಗಿ ಬರುತ್ತಾಳೆಯೆ, ಸದ್ದಿಲ್ಲದೆ ಓಡಾಡುತ್ತಾಳೆಯೆ, ನಂಬಿಕೆಗೆ ಅರ್ಹಳೆ, ಉಡುಪು ಚೊಕ್ಕಟವೆ ಎಂಬ ನಡತೆಯ ಲೆಕ್ಕಕ್ಕೆ ಇನ್ನೊಂದು. ಆ ಕಾಲದಲ್ಲಿ ಆಸ್ಪತ್ರೆಯ ದಾದಿಯೆಂದರೆ ಕುಡುಕಿ, ಒರಟಿ ಎಂಬ ಮಾತು ಜನರಲ್ಲಿತ್ತು. ಅದನ್ನು ತೊಡೆದುಹಾಕಬೇಕಾದರೆ ನಡತೆಯೂ ವಿದ್ಯೆಯಷ್ಟೇ ಮುಖ್ಯವೆಂದು ನೈಟಿಂಗೇಲ್ ನಂಬಿದ್ದರು. ನಂಬಿಕೆ ಆ ಕಾಲಕ್ಕೆ ತಕ್ಕದ್ದೇ. ಆದರೆ ಕಾರಣ ಹೋದ ಮೇಲೂ ಪದ್ಧತಿ ಉಳಿಯಿತು. ಇಂದಿಗೂ ಹಲವು ಹಾಸ್ಟೆಲುಗಳಲ್ಲಿ ಇಪ್ಪತ್ತರ ಹರೆಯದ ನರ್ಸಿಂಗ್ ವಿದ್ಯಾರ್ಥಿನಿ ಎಷ್ಟು ಗಂಟೆಗೆ ಗೇಟಿನೊಳಗೆ ಬಂದಳು, ಯಾರೊಡನೆ ಫೋನಿನಲ್ಲಿ ಮಾತಾಡಿದಳು, ತಲೆ ಹೇಗೆ ಬಾಚಿದಳು ಎಂಬುದರ ಮೇಲೆ ವಾರ್ಡನ್ನರು ಇಡುವ ಕಣ್ಣು ಬೇರೆ ಕೋರ್ಸಿನವರ ಮೇಲೆ ಇಷ್ಟಿರುವುದಿಲ್ಲ.

ಸೇಂಟ್ ಥಾಮಸ್ ಶಾಲೆಯ ಖರ್ಚು ನೋಡಿಕೊಳ್ಳಲು ನಿಧಿಯಾದರೂ ಇತ್ತು. ಕಲಿಸುವ ಮೇಟ್ರನ್ನಿಗೂ ಸಿಸ್ಟರುಗಳಿಗೂ ನಿಧಿಯೇ ಗೌರವಧನ ಕೊಡುತ್ತಿತ್ತು. ಅದನ್ನು ನೋಡಿ ಶಾಲೆ ತೆರೆದ ಆಸ್ಪತ್ರೆಗಳಿಗೆ ನಿಧಿಯಿರಲಿಲ್ಲ. ಅವು ಬೇಗನೆ ಒಂದು ಲೆಕ್ಕ ಕಂಡುಕೊಂಡವು: ಸಂಬಳದ ನರ್ಸುಗಳನ್ನು ಇಟ್ಟುಕೊಳ್ಳುವುದಕ್ಕಿಂತ ಊಟ ವಸತಿಗೆ ದುಡಿಯುವ ಕಲಿಕೆಯವರನ್ನು ಇಟ್ಟುಕೊಳ್ಳುವುದು ಅಗ್ಗ. ಅಮೆರಿಕದಲ್ಲಿ ಆಸ್ಪತ್ರೆಗೊಂದು ನರ್ಸಿಂಗ್ ಶಾಲೆ ಎಂಬಂತೆ ಶಾಲೆಗಳು ಹುಟ್ಟಿದ್ದಕ್ಕೆ ವಿದ್ಯಾದಾನದ ಆಸೆಗಿಂತ ಈ ಲೆಕ್ಕವೇ ಹೆಚ್ಚಿನ ಕಾರಣ. 1923ರಲ್ಲಿ ಅಲ್ಲಿ ಬಂದ ಗೋಲ್ಡ್‌ಮಾರ್ಕ್ ವರದಿ ಇದನ್ನು ಎತ್ತಿ ಹೇಳಿತು. ವಾರ್ಡಿನ ಅಗತ್ಯ ಮತ್ತು ವಿದ್ಯಾರ್ಥಿಯ ಅಗತ್ಯ ಎದುರಾದಾಗಲೆಲ್ಲ ಗೆಲ್ಲುವುದು ವಾರ್ಡೇ ಎಂಬುದು ಅದರ ತಿರುಳು. ಬ್ರಿಟನ್ನಿನಲ್ಲಿ 1947ರ ವುಡ್ ವರದಿಯೂ ತರಬೇತಿಯಲ್ಲಿರುವವರನ್ನು ನಿಜವಾದ ವಿದ್ಯಾರ್ಥಿಗಳಂತೆ ನಡೆಸಿಕೊಳ್ಳಬೇಕೆಂದು ಒತ್ತಾಯಿಸಿತು. ಎರಡೂ ವರದಿಗಳನ್ನು ಆಸ್ಪತ್ರೆಗಳು ಗೌರವದಿಂದ ಓದಿ ಬದಿಗಿಟ್ಟವು.

ಭಾರತಕ್ಕೆ ಈ ತರಬೇತಿ ಬಂದದ್ದು ಹೆರಿಗೆಯ ಬಾಗಿಲಿನಿಂದ. 1871ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಶುರುವಾದ ಶಾಲೆ ಕಲಿಸಿದ್ದು ಆರು ತಿಂಗಳ ಮಿಡ್‌ವೈಫರಿಯನ್ನು. 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿ ಮಹಿಳಾ ವೈದ್ಯರು, ನರ್ಸುಗಳು, ಸೂಲಗಿತ್ತಿಯರ ತರಬೇತಿಗೆ ಹಣ ಒದಗಿತು. 1888ರಲ್ಲಿ ಇಂಗ್ಲೆಂಡಿನಿಂದ ನರ್ಸುಗಳ ಒಂದು ಸಣ್ಣ ತಂಡ ಬೊಂಬಾಯಿಯಲ್ಲಿ ಇಳಿಯಿತು. ಅವರು ಬಂದದ್ದು ಸೈನ್ಯದ ಆಸ್ಪತ್ರೆಗಳಿಗೆ.

ಶಾಲೆ ತೆರೆದರೂ ಸೇರುವವರಿರಲಿಲ್ಲ. ಅಪರಿಚಿತ ಗಂಡಸರ ಮೈ ಮುಟ್ಟುವುದು, ಮಲಮೂತ್ರ ತೆಗೆಯುವುದು, ಹೆರಿಗೆಯ ರಕ್ತ, ಹೆಣ ತೊಳೆಯುವುದು: ಮೇಲುಜಾತಿಯ ಮನೆಗಳಿಗೆ ಇದರಲ್ಲಿ ಯಾವುದೂ ಒಪ್ಪುವ ಕೆಲಸವಾಗಿರಲಿಲ್ಲ. ಹಳ್ಳಿಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆತ್ತ ಮನೆಯವರೇ ಆಕೆಯನ್ನು ಬಾಗಿಲಾಚೆ ಕೂರಿಸುತ್ತಿದ್ದ ಸಮಾಜ ಅದು. ಮೇಲಾಗಿ ಹೆಣ್ಣುಮಗಳು ಮನೆಬಿಟ್ಟು ರಾತ್ರಿ ಹೊರಗಿರುವ ಉದ್ಯೋಗ. ಆದ್ದರಿಂದ ಮೊದಲ ಅರ್ಧ ಶತಮಾನ ನರ್ಸಿಂಗ್ ಶಾಲೆಗಳ ಬೆಂಚು ತುಂಬಿದವರು ಬಹುಪಾಲು ಆಂಗ್ಲೋ ಇಂಡಿಯನ್ನರು ಮತ್ತು ಭಾರತೀಯ ಕ್ರೈಸ್ತರು. ಪುಣೆಯಲ್ಲಿ ರಮಾಬಾಯಿ ರಾನಡೆಯವರು ಕಟ್ಟಿದ ಸೇವಾಸದನ ವಿಧವೆಯರೂ ಸೇರಿದಂತೆ ಹಿಂದೂ ಹೆಂಗಸರನ್ನು ನರ್ಸಿಂಗ್‌ಗೆ ಕಳಿಸಿದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. ಸೇರಿದವಳ ಮೇಲೆ ಓದಿನ ಹೊರೆ ಬೀಳುವ ಮೊದಲೇ ಊರ ಮಾತಿನ ಹೊರೆ ಬೀಳುತ್ತಿತ್ತು. ನರ್ಸ್ ಕೆಲಸದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಮಾತನ್ನು ಇಪ್ಪತ್ತನೆಯ ಶತಮಾನದ ಕೊನೆಯ ತನಕವೂ ಕನ್ನಡ ಮನೆಗಳಲ್ಲಿ ಕೇಳಬಹುದಿತ್ತು.

ಕನ್ನಡ ನಾಡಿನಲ್ಲಿ ಈ ವಿದ್ಯೆ ಬೇರುಬಿಟ್ಟದ್ದು ಹೆಚ್ಚಾಗಿ ಮಿಷನ್ ಆಸ್ಪತ್ರೆಗಳ ಸುತ್ತ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರ ಸೇಂಟ್ ಮಾರ್ಥಾಸ್ 1886ರಲ್ಲಿ, ಗದಗಿನ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆ 1902ರಲ್ಲಿ, ಮೈಸೂರಿನ ಜನ ಇಂದಿಗೂ ಬರಿಯ ‘ಮಿಷನ್ ಆಸ್ಪತ್ರೆ’ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ, ಕೋಲಾರದ ಮೆಥಡಿಸ್ಟ್ ಆಸ್ಪತ್ರೆ 1910ರಲ್ಲಿ ಬಂದವು. ಸರ್ಕಾರದ ಕಡೆಯಿಂದ 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ, 1935ರಲ್ಲಿ ಅದರ ಪಕ್ಕದಲ್ಲೇ ಎದ್ದ ವಾಣಿ ವಿಲಾಸ ಆಸ್ಪತ್ರೆಗಳಿದ್ದವು. ಮಿಷನ್ ಆಸ್ಪತ್ರೆಗಳಿಗೆ ಹಣದ ಬಿಗಿ ಯಾವಾಗಲೂ ಇತ್ತು. ಬಡ ಕುಟುಂಬದ, ಅನಾಥಾಲಯದ ಹುಡುಗಿಯರಿಗೆ ಅಲ್ಲಿ ಅನ್ನ, ಅಕ್ಷರ, ಉದ್ಯೋಗ ಮೂರೂ ಸಿಕ್ಕವು. ಪ್ರತಿಯಾಗಿ ಅವರು ಕೊಟ್ಟದ್ದು ದುಡಿಮೆ. ಪಾತ್ರೆ ಕುದಿಸುವುದು, ಬ್ಯಾಂಡೇಜ್ ಬಟ್ಟೆ ಒಗೆದು ಸುತ್ತುವುದು, ನೆಲ ಒರೆಸುವುದು ಕೂಡ ತರಬೇತಿಯ ಭಾಗವೆಂದೇ ನಡೆಯುತ್ತಿತ್ತು. ಅದು ಶೋಷಣೆಯೋ ಉಪಕಾರವೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಕಷ್ಟ. ಬೇರೆ ದಾರಿಯೇ ಇಲ್ಲದ ಹೆಣ್ಣುಮಕ್ಕಳಿಗೆ ಸ್ವಂತ ಸಂಬಳದ ದಾರಿ ತೋರಿಸಿದ್ದೂ ಅದೇ ಪದ್ಧತಿ.

ಕಲಿತದ್ದಕ್ಕೆ ಮಾನ್ಯತೆ ಎಲ್ಲಿಯದು ಎಂಬ ತೊಡಕು ಬೇರೆ. 1908ರಲ್ಲಿ ಭಾರತದ ತರಬೇತಾದ ನರ್ಸುಗಳ ಸಂಘ ಹುಟ್ಟಿದ್ದರೂ ಕಾನೂನಿನ ನೋಂದಣಿ ಪ್ರಾಂತಕ್ಕೊಂದು ಬಗೆ. ಮಂಗಳೂರು, ಬಳ್ಳಾರಿಗಳು ಮದ್ರಾಸ್ ಪ್ರಾಂತದಲ್ಲಿದ್ದವು. ಅಲ್ಲಿ 1926ರ ಕಾಯ್ದೆ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳಿಗೆ 1935ರ ಬೊಂಬಾಯಿ ಕಾಯ್ದೆ. ಮೈಸೂರು ಮಹಾರಾಜರದು, ಕಲಬುರಗಿ ಕಡೆಯದು ನಿಜಾಮರದು, ಕೊಡಗಿನ ಆಡಳಿತ ಮತ್ತೊಂದು. ಪರೀಕ್ಷೆ, ಅವಧಿ, ಪ್ರಮಾಣಪತ್ರ ಎಲ್ಲದರಲ್ಲೂ ವ್ಯತ್ಯಾಸ. ಏಕೀಕರಣವಾಗಿ ಐದು ವರ್ಷದ ಮೇಲೆ, 1961ರ ನರ್ಸುಗಳು, ಮಿಡ್‌ವೈಫುಗಳು ಮತ್ತು ಹೆಲ್ತ್ ವಿಸಿಟರುಗಳ ಕಾಯ್ದೆ ಇಡೀ ರಾಜ್ಯಕ್ಕೆ ಒಂದು ನೋಂದಣಿಯನ್ನು ತಂದಿತು.

ಅಷ್ಟರಲ್ಲಿ ದೇಶದ ಮಟ್ಟದಲ್ಲಿ ದೊಡ್ಡ ಬದಲಾವಣೆಗಳಾಗಿದ್ದವು. ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000; ಅಂದರೆ 43,000 ಜನಕ್ಕೆ ಒಬ್ಬರು. 1971ರ ಹೊತ್ತಿಗೆ 7,40,000 ಬೇಕು ಎಂದು ಸಮಿತಿ ಅಂದಾಜು ಮಾಡಿತು. ಈ ಅಂಕಿಯಲ್ಲೇ ವಿದ್ಯಾರ್ಥಿಗಳ ಪಾಡು ಅಡಗಿದೆ. ತರಬೇತಾದವರು ಇಷ್ಟು ಕಡಿಮೆಯಿದ್ದಾಗ ವಾರ್ಡುಗಳನ್ನು ಯಾರು ನಡೆಸುತ್ತಿದ್ದರು? ತರಬೇತಿಯಲ್ಲಿದ್ದವರು. ಹಗಲಿಗೆ ಒಬ್ಬ ಸಿಸ್ಟರ್, ರಾತ್ರಿಗೆ ಎರಡನೆಯ ವರ್ಷದ ಹುಡುಗಿ ಎಂಬ ವ್ಯವಸ್ಥೆ ಅಪರೂಪವೇನಲ್ಲ. ರಾತ್ರಿಯೆಲ್ಲ ಎದ್ದಿದ್ದವಳು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದರೆ ಅದು ಶಿಸ್ತಿನ ತಪ್ಪಾಗಿ ದಾಖಲಾಗುತ್ತಿತ್ತು.

ಅದೇ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ನರ್ಸಿಂಗ್ ಪದವಿ ಕೋರ್ಸುಗಳು ಶುರುವಾದವು. ಆಸ್ಪತ್ರೆಯ ಶಾಲೆಯಿಂದ ವಿಶ್ವವಿದ್ಯಾಲಯದ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಮೊದಲ ಬಾರಿಗೆ ಡ್ಯೂಟಿ ಪಟ್ಟಿಯ ಹೊರಗೂ ಒಂದು ನೆಲೆ ಸಿಕ್ಕಿತು. 1947ರ ಕಾಯ್ದೆಯಡಿ ಭಾರತೀಯ ನರ್ಸಿಂಗ್ ಪರಿಷತ್ತು ಬಂದು ದೇಶಕ್ಕೆಲ್ಲ ಒಂದೇ ಪಠ್ಯಕ್ರಮದ ದಾರಿ ತೆರೆಯಿತು. 1954ರಲ್ಲಿ ನರ್ಸುಗಳ ಸಂಬಳ, ಸೇವಾ ಸ್ಥಿತಿಗಳನ್ನು ಪರಿಶೀಲಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಆಗಿನ ಮದ್ರಾಸ್ ಸರ್ಕಾರದ ಆರೋಗ್ಯ ಸಚಿವ ಎ. ಬಿ. ಶೆಟ್ಟಿ. ಮಂಗಳೂರಿನಲ್ಲಿ 1931ರಲ್ಲಿ ವಿಜಯಾ ಬ್ಯಾಂಕ್ ಕಟ್ಟಿದ ಅತ್ತಾವರ ಬಾಲಕೃಷ್ಣ ಶೆಟ್ಟರೇ ಇವರು. ನರ್ಸಿಂಗ್ ಪಠ್ಯಪುಸ್ತಕಗಳಲ್ಲಿ ‘ಶೆಟ್ಟಿ ಸಮಿತಿ’ ಎಂದು ಪರೀಕ್ಷೆಗೆ ಉರುಹೊಡೆಯುವ ಎಷ್ಟೋ ಕರಾವಳಿಯ ವಿದ್ಯಾರ್ಥಿಗಳಿಗೆ ಅದು ತಮ್ಮೂರ ಕಡೆಯವರ ಹೆಸರೆಂದು ತಿಳಿದಿರುವುದಿಲ್ಲ.

ಪದವಿ ಬಂದರೂ ಬಹುಸಂಖ್ಯಾತರು ಕಲಿತದ್ದು ಆಸ್ಪತ್ರೆಗೆ ಅಂಟಿಕೊಂಡ ಡಿಪ್ಲೊಮಾ ಶಾಲೆಗಳಲ್ಲಿ, ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಅಂದರೆ ಜಿಎನ್‌ಎಂ ಎಂಬ ಮೂರಕ್ಷರದ ಕೋರ್ಸಿನಲ್ಲಿ. ಸರ್ಕಾರಿ ಶಾಲೆಗಳಲ್ಲಿ ಅವರಿಗೆ ಅಲ್ಪ ಶಿಷ್ಯವೇತನವಿತ್ತು. ಪದವಿಯ ಕನಸಿನ ಹಿಂದೆ ದೇಶ ನಿಧಾನವಾಗಿ ನಡೆಯಿತು: ಸರೋಜಿನಿ ವರದಪ್ಪನ್ ನೇತೃತ್ವದ ಉನ್ನತಾಧಿಕಾರ ಸಮಿತಿ 1989ರಲ್ಲಿಯೂ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಶಾಲೆಗಳನ್ನು ಹಂತಹಂತವಾಗಿ ಪದವಿ ಮಟ್ಟಕ್ಕೇರಿಸಿ ಎಂದೇ ಹೇಳಬೇಕಾಯಿತು.

ಈ ದುಡಿಮೆ ವಿದ್ಯಾರ್ಥಿಯ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಚೆನ್ನಾಗಿ ಬಿಡಿಸಿಟ್ಟ ಅಧ್ಯಯನ ಲಂಡನ್ನಿನದು. 1960ರಲ್ಲಿ ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್ ಅಲ್ಲಿನ ಒಂದು ಬೋಧನಾ ಆಸ್ಪತ್ರೆಯ ಬಗ್ಗೆ ಬರೆದ ಪ್ರಬಂಧ ಅದು. ಆ ಆಸ್ಪತ್ರೆಯಲ್ಲಿ ಸುಮಾರು 700 ನರ್ಸಿಂಗ್ ಸಿಬ್ಬಂದಿ. ಪೂರ್ತಿ ತರಬೇತಾದವರು ಸುಮಾರು 150. ಉಳಿದವರೆಲ್ಲ ವಿದ್ಯಾರ್ಥಿಗಳು. ಅವರಲ್ಲಿ ಮೂರನೆಯ ಒಂದು ಭಾಗ ತರಬೇತಿ ಮುಗಿಸುತ್ತಿರಲಿಲ್ಲ, ಬಿಟ್ಟವರಲ್ಲಿ ಹೆಚ್ಚಿನವರು ತಾವಾಗಿಯೇ ಬಿಡುತ್ತಿದ್ದರು. ಸಾವು, ನೋವು, ಪರರ ದೇಹದ ಸಾಮೀಪ್ಯ ಹದಿನೆಂಟರ ಹುಡುಗಿಯಲ್ಲಿ ಹುಟ್ಟಿಸುವ ಕಳವಳ ಸಹಜ. ಆಸ್ಪತ್ರೆ ಆ ಕಳವಳವನ್ನು ಮಾತಾಡಿ ಹಗುರಮಾಡುವ ಬದಲು ಅದು ತಲೆಯೆತ್ತದಂತೆ ಪದ್ಧತಿಗಳನ್ನು ಕಟ್ಟಿಕೊಂಡಿದೆ ಎಂದು ಮೆನ್ಜೀಸ್ ಕಂಡುಕೊಂಡರು. ರೋಗಿಗೆ ಹೆಸರಿಲ್ಲ, ಹಾಸಿಗೆಯ ಸಂಖ್ಯೆ ಅಥವಾ ಕೆಟ್ಟ ಅಂಗದ ಗುರುತು ಮಾತ್ರ. ಒಬ್ಬ ವಿದ್ಯಾರ್ಥಿನಿ ಒಬ್ಬ ರೋಗಿಯನ್ನು ಪೂರ್ತಿ ನೋಡಿಕೊಳ್ಳುವಂತಿಲ್ಲ; ಎಲ್ಲರಿಗೂ ಜ್ವರ ನೋಡುವುದು ಒಬ್ಬಳು, ಎಲ್ಲರಿಗೂ ಬೆಡ್‌ಪ್ಯಾನು ಕೊಡುವುದು ಇನ್ನೊಬ್ಬಳು. ಒಂದು ವಾರ್ಡಿಗೆ ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದಕ್ಕೆ ವರ್ಗ. ನಿಯಮ ಎಷ್ಟು ಗಟ್ಟಿಯೆಂದರೆ ಮಲಗಿದ್ದ ರೋಗಿಯನ್ನು ಎಬ್ಬಿಸಿ ನಿದ್ದೆಮಾತ್ರೆ ಕೊಟ್ಟ ಪ್ರಸಂಗಗಳೂ ಇದ್ದವು. ಮುಖ್ಯವಾದ ಮಾತೆಂದರೆ, ಕಾಳಜಿಯಿಂದ ಈ ವೃತ್ತಿಗೆ ಬಂದ, ಒಳ್ಳೆಯ ನರ್ಸಾಗಬಲ್ಲ ಹುಡುಗಿಯರೇ ಇದರಿಂದ ಹೆಚ್ಚು ನೊಂದು ಬಿಡುತ್ತಿದ್ದರು. ಭಾರತದ ವಾರ್ಡುಗಳನ್ನು ಬಲ್ಲವರಿಗೆ ಈ ಚಿತ್ರದಲ್ಲಿ ಹೊಸದೇನೂ ಕಾಣದು. ‘ಹನ್ನೆರಡನೇ ಬೆಡ್ಡಿಗೆ ಡ್ರಿಪ್ ಮುಗಿದಿದೆ’ ಎಂಬ ಮಾತು ಇಲ್ಲಿಯೂ ದಿನಕ್ಕೆ ನೂರು ಸಲ ಕೇಳುತ್ತದೆ.

ಪಠ್ಯಕ್ರಮ ಬಿಗಿಯಾದಂತೆ ಒತ್ತಡದ ಬಗೆ ಬದಲಾಯಿತು. ಪರಿಷತ್ತಿನ ನಿಯಮದಲ್ಲಿ ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಸಾಕು, ಆದರೆ ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕ ಕಲಿಕೆಯ ಹಾಜರಿ ಶೇ. 100 ಆಗಲೇಬೇಕು. ಕಾಯಿಲೆಯಿಂದ ತಪ್ಪಿದ ದಿನವನ್ನೂ ರಜೆಯಲ್ಲಿ ಬಂದು ತುಂಬಿಕೊಡಬೇಕು. ಇದರ ಮೇಲೆ ಕೇಸ್ ಸ್ಟಡಿ, ಕೇರ್ ಪ್ಲಾನ್, ಪ್ರೊಸೀಜರ್ ಪುಸ್ತಕ. ಎಲ್ಲವನ್ನೂ ಕೈಯಲ್ಲೇ ಬರೆದು ಸಹಿ ಮಾಡಿಸಬೇಕು. ವಾರ್ಡಿನಿಂದ ಬಂದವರ ಸಂಜೆ ಓದಿಗಿಂತ ಹೆಚ್ಚಾಗಿ ಈ ರೆಕಾರ್ಡು ಬರೆಯುವುದರಲ್ಲೇ ಕಳೆಯುತ್ತದೆ. ಹೆರಿಗೆ ವಾರ್ಡಿನದು ಬೇರೆಯೇ ಕಥೆ. ಹಿಂದಿನ ಬಿಎಸ್ಸಿ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯೊಬ್ಬರು 20 ಸಹಜ ಹೆರಿಗೆಗಳನ್ನು ತಾವೇ ಮಾಡಿಸಿ ದಾಖಲಿಸಬೇಕಿತ್ತು. ಆಸ್ಪತ್ರೆಯೊಂದು, ಕಾಲೇಜು ಒಂದೇ ಇದ್ದಾಗ ಅದು ಸಾಧ್ಯವಿತ್ತು. ಒಂದೇ ಸರ್ಕಾರಿ ಆಸ್ಪತ್ರೆಯ ಲೇಬರ್ ರೂಮಿಗೆ ನಾಲ್ಕಾರು ಕಾಲೇಜುಗಳ ಬಸ್ಸು ಬರತೊಡಗಿದ ಮೇಲೆ, ‘ಕೇಸ್’ ಸಿಗಲೆಂದು ರಾತ್ರಿ ಕಾಯುವುದು, ಸಿಗದಿದ್ದಾಗ ಗೆಳತಿಯ ಕೇಸನ್ನೇ ತನ್ನ ಪುಸ್ತಕಕ್ಕೂ ಇಳಿಸಿಕೊಳ್ಳುವುದು ನಡೆದುಬಂತು.

ಹಾಗೆ ಕಾಲೇಜುಗಳು ಹೆಚ್ಚಿದ್ದು ಮುಖ್ಯವಾಗಿ 1990ರ ದಶಕದ ನಂತರ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದು ರಾಜ್ಯದ ನರ್ಸಿಂಗ್ ಕಾಲೇಜುಗಳಿಗೆ ಒಂದೇ ಸೂರಾಯಿತು. ಅದೇ ಕಾಲದಲ್ಲಿ ಗಲ್ಫ್, ಬ್ರಿಟನ್, ಐರ್ಲೆಂಡ್, ಅಮೆರಿಕಗಳಲ್ಲಿ ನರ್ಸುಗಳಿಗೆ ಬೇಡಿಕೆ ಏರಿತು. ಕೇರಳದಲ್ಲಿ ಓದಬಯಸುವವರಿಗೆ ಸೀಟು ಸಾಲದೆ ಅವರು ಬೆಂಗಳೂರು, ಮಂಗಳೂರು, ಮೈಸೂರು, ತುಮಕೂರಿನತ್ತ ಬಂದರು. ಆಮೇಲೆ ಈಶಾನ್ಯ ರಾಜ್ಯಗಳಿಂದ, ಪಶ್ಚಿಮ ಬಂಗಾಳದಿಂದಲೂ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಸಂಸ್ಥೆಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದೆ ನಿಂತಿತು.

ಇಲ್ಲಿಗೆ ಹಳೆಯ ಲೆಕ್ಕ ತಲೆಕೆಳಗಾಯಿತು. ಮೊದಲು ಆಸ್ಪತ್ರೆ ಊಟ ವಸತಿ ಕೊಟ್ಟು ದುಡಿಸಿಕೊಳ್ಳುತ್ತಿತ್ತು. ಈಗ ವಿದ್ಯಾರ್ಥಿಯೇ ಹಣ ಕೊಟ್ಟು ದುಡಿಯತೊಡಗಿದ. ಏಜೆಂಟರ ಕಮಿಷನ್ನು, ಕಾಲೇಜಿನ ಫೀಸು, ಹಾಸ್ಟೆಲಿನ ಬಾಡಿಗೆ ಎಲ್ಲ ಸೇರಿ ಕುಟುಂಬಗಳು ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಕೈಚಾಚಿದವು. ಮಧ್ಯದಲ್ಲಿ ಬಿಟ್ಟುಹೋಗದಂತೆ ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಕಾಲೇಜುಗಳು ಹುಟ್ಟಿಕೊಂಡವು. ಭಾಷೆಯ ತೊಡಕು ಎರಡು ಮುಖದ್ದು. ಮಲಯಾಳವೋ ಮಣಿಪುರಿಯೋ ಮಾತಾಡುವ ವಿದ್ಯಾರ್ಥಿ ಸರ್ಕಾರಿ ವಾರ್ಡಿನ ಅಜ್ಜಿಗೆ ‘ಎಲ್ಲಿ ನೋಯುತ್ತೆ ಅಮ್ಮ’ ಎಂದು ಕೇಳುವಷ್ಟು ಕನ್ನಡವನ್ನು ಮೊದಲ ತಿಂಗಳಲ್ಲೇ ಕಲಿಯಬೇಕು. ರಾಯಚೂರಿನ, ಚಾಮರಾಜನಗರದ ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ರೋಗಿಯ ಜೊತೆ ಮಾತು ಸಲೀಸು, ಆದರೆ ಇಂಗ್ಲಿಷಿನ ದಪ್ಪ ಪುಸ್ತಕ, ಔಷಧದ ಪ್ರಮಾಣದ ಲೆಕ್ಕ, ವೈವಾ ಪ್ರಶ್ನೆಗಳು ಭಾರ. ಮೊದಲ ವರ್ಷ ಅನಾಟಮಿ, ಮೈಕ್ರೋಬಯಾಲಜಿಯಲ್ಲಿ ಎಡವುವವರಲ್ಲಿ ಬುದ್ಧಿಗಿಂತ ಭಾಷೆ ಕೈಕೊಟ್ಟವರೇ ಹೆಚ್ಚು. ಇದೇ ಅವಧಿಯಲ್ಲಿ ಗಂಡುಮಕ್ಕಳೂ ಸಾಕಷ್ಟು ಸಂಖ್ಯೆಯಲ್ಲಿ ಸೇರಿದರು; ಲೇಬರ್ ರೂಮಿನ ಬಾಗಿಲಲ್ಲಿ ಅವರನ್ನು ತಡೆಯುವ ಪ್ರಸಂಗಗಳು ಅವರ ಪಾಲಿನ ಕಷ್ಟ.

ಓದು ಮುಗಿದರೂ ಬಿಡುಗಡೆಯಿರಲಿಲ್ಲ. ಖಾಸಗಿ ಆಸ್ಪತ್ರೆಗಳು ಹೊಸಬರನ್ನು ಒಂದೆರಡು ವರ್ಷದ ಬಾಂಡಿಗೆ ಸಹಿ ಹಾಕಿಸಿಕೊಂಡು, ಪ್ರಮಾಣಪತ್ರಗಳನ್ನು ಬೀರುವಿನಲ್ಲಿಟ್ಟು, ಸಾಲದ ಕಂತಿಗೂ ಸಾಲದ ಸಂಬಳಕ್ಕೆ ದುಡಿಸಿಕೊಂಡವು. 2011ರಲ್ಲಿ ಮುಂಬಯಿ, ದೆಹಲಿ, ಕೇರಳಗಳಲ್ಲಿ ನರ್ಸುಗಳು ಬೀದಿಗಿಳಿದದ್ದು ಇದರ ವಿರುದ್ಧ. ಅದೇ ವರ್ಷ ಭಾರತೀಯ ನರ್ಸಿಂಗ್ ಪರಿಷತ್ತು ಬಾಂಡ್ ಪದ್ಧತಿಯನ್ನು ಕೈಬಿಡಬೇಕೆಂದು ಹೇಳಿತು. 2016ರ ಜನವರಿಯಲ್ಲಿ ನರ್ಸುಗಳ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಗಳ ಸಂಬಳ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನ ಸಮಾನ ಸಂಬಳ, 50ಕ್ಕಿಂತ ಕಡಿಮೆಯಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕು ಎಂಬುದು ಆ ಸಮಿತಿಯ ಶಿಫಾರಸು. ಜಾರಿಯ ಹೊಣೆ ರಾಜ್ಯಗಳ ಮೇಲೆ ಬಿತ್ತು, ಅಂದರೆ ಬಹಳ ಕಡೆ ಯಾರ ಮೇಲೂ ಬೀಳಲಿಲ್ಲ.

ಕೋವಿಡ್ ಕಾಲದಲ್ಲಿ ವಿದ್ಯಾರ್ಥಿಯ ಇಬ್ಬಗೆಯ ಸ್ಥಿತಿ ಸರ್ಕಾರಿ ಆದೇಶದಲ್ಲೇ ಕಾಣಿಸಿತು. 2021ರ ಮೇ ತಿಂಗಳಲ್ಲಿ ಎರಡನೆಯ ಅಲೆ ಏರಿದಾಗ ಕೇಂದ್ರ ಸರ್ಕಾರ ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಫೋನಿನ ಮೂಲಕ ಸಲಹೆ ನೀಡಲು ಮತ್ತು ಲಘು ಲಕ್ಷಣದ ರೋಗಿಗಳ ನಿಗಾಕ್ಕೆ ಬಳಸಲು ಹೇಳಿತು. ಅಂತಿಮ ಪರೀಕ್ಷೆಗೆ ಕಾಯುತ್ತಿದ್ದ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳನ್ನು ಹಿರಿಯ ನರ್ಸುಗಳ ಮೇಲ್ವಿಚಾರಣೆಯಲ್ಲಿ ಪೂರ್ಣಾವಧಿ ಕೋವಿಡ್ ಡ್ಯೂಟಿಗೆ ಹಾಕಲು ಹೇಳಿತು. ನೂರು ದಿನ ದುಡಿದವರಿಗೆ ಪ್ರಧಾನಮಂತ್ರಿಗಳ ಹೆಸರಿನ ಗೌರವಪತ್ರದ ಭರವಸೆಯಿತ್ತು. ಪಿಪಿಇ ತೊಟ್ಟು ಹೊರಟ ಮಕ್ಕಳನ್ನು ಬೇಡವೆನ್ನಲೂ ಆಗದೆ, ಕಳಿಸಲೂ ಆಗದೆ ಹೆತ್ತವರು ಒದ್ದಾಡಿದರು.

ಅದೇ 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮ ವಾರ್ಷಿಕ ಪದ್ಧತಿ ಬಿಟ್ಟು ಸೆಮಿಸ್ಟರಿಗೆ ಹೊರಳಿತು. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿ 1947ರ ಕಾಯ್ದೆಯನ್ನು ಬದಿಗೆ ಸರಿಸಿತು. ಏಕರೂಪದ ಪ್ರವೇಶ ವ್ಯವಸ್ಥೆ, ರಾಷ್ಟ್ರೀಯ ಹಾಗೂ ರಾಜ್ಯ ನೋಂದಣಿ ಪುಸ್ತಕಗಳು, ರಾಜ್ಯಗಳಲ್ಲಿ ಆಯೋಗಗಳು ಅದರ ಮುಖ್ಯ ಅಂಶಗಳು. ಹೊಸ ಪಠ್ಯಕ್ರಮದಲ್ಲಿ ಎಂಟನೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಮೀಸಲು. ಆ ಅವಧಿಯಲ್ಲಿ ವಿದ್ಯಾರ್ಥಿ ಸ್ಟಾಫ್ ನರ್ಸುಗಳ ಜೊತೆ ಪಾಳಿಯಲ್ಲಿ ಕೆಲಸ ಮಾಡಬೇಕು, ಮತ್ತು ಹೆಚ್ಚಿನ ಖಾಸಗಿ ಕಾಲೇಜುಗಳಲ್ಲಿ ಆ ಸೆಮಿಸ್ಟರಿನ ಫೀಸನ್ನೂ ಕಟ್ಟಬೇಕು.